ಕೈಖರ್ಚಿಗೆ ನೋಟು: ಕವರ್ ಲೆಕ್ಕ ಶುರು ಮಾಡುವುದು ಹೇಗೆ?

ಸಂಬಳ ಬಂದ ಹತ್ತೇ ದಿನಕ್ಕೆ ‘ದುಡ್ಡೆಲ್ಲ ಎಲ್ಲಿ ಹೋಯಿತು’ ಎಂದು ಫೋನ್ ನೋಡುವವರು ಜಾಸ್ತಿಯಾಗಿದ್ದಾರೆ. ದೊಡ್ಡ ಖರ್ಚು ಒಂದೂ ಕಾಣುವುದಿಲ್ಲ. 40, 120, 85 ಎಂದು ಉದ್ದಕ್ಕೆ ಸಾಲು. ನೋಟು ಎಣಿಸಿ ಕೊಡುವಾಗ ಆಗುವ ಸಂಕಟ ಸ್ಕ್ಯಾನ್ ಮಾಡುವಾಗ ಆಗುವುದಿಲ್ಲ, ಅಲ್ವಾ? ಕಾರ್ಡಿನ ವಿಷಯದಲ್ಲಿ ಇದನ್ನು ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಸಂಶೋಧಕರಾದ ಡ್ರೇಜನ್ ಪ್ರೆಲೆಕ್ ಮತ್ತು ಡಂಕನ್ ಸಿಮೆಸ್ಟರ್ 2001ರಲ್ಲೇ ತೋರಿಸಿದ್ದರು. ಬ್ಯಾಸ್ಕೆಟ್‌ಬಾಲ್ ಟಿಕೆಟ್ ಹರಾಜಿನಲ್ಲಿ ಕಾರ್ಡ್‌ನವರು ನಗದಿನವರಿಗಿಂತ ಸುಮಾರು ಎರಡು ಪಟ್ಟು ಕೂಗಿದ್ದರು.

ಇದಕ್ಕೊಂದು ಉಪಾಯ ಕವರ್ ಲೆಕ್ಕ: ಒಂದೊಂದು ಬಗೆಯ ಖರ್ಚಿಗೆ ತಿಂಗಳ ಹಣವನ್ನು ನೋಟಿನಲ್ಲೇ ಒಂದೊಂದು ಕವರಿಗೆ ಹಾಕಿಟ್ಟು, ಅದರಿಂದ ಮಾತ್ರ ಖರ್ಚು ಮಾಡುವುದು, ಖಾಲಿಯಾದರೆ ನಿಲ್ಲಿಸುವುದು. ಮೊದಲ ಹೆಜ್ಜೆ ಸುಲಭ. ಬಾಡಿಗೆ, ಕರೆಂಟ್ ಬಿಲ್, ಸ್ಕೂಲ್ ಫೀಸು, ಸಾಲದ ಕಂತು ಖಾತೆಯಿಂದಲೇ ಹೋಗಲಿ. ತರಕಾರಿ-ದಿನಸಿ, ಹೊರಗಿನ ತಿಂಡಿ, ಬಟ್ಟೆ-ಸಿನಿಮಾ ಈ ಮೂರಕ್ಕೆ ಮಾತ್ರ ಕವರ್. ಹತ್ತು ಹನ್ನೆರಡು ಮಾಡಿದರೆ ಎರಡನೇ ವಾರಕ್ಕೇ ಬೇಸರ ಬರುತ್ತದೆ. ಇದಕ್ಕೆಂದೇ ಮಾರುವ ಜಿಪ್ ಇರುವ ದುಬಾರಿ ಫೈಲ್ ಕೊಳ್ಳಬೇಡಿ. ಮದುವೆ ಕಾಗದದ ಹಳೆ ಕವರ್ ಸಾಕು.

ಕಳೆದ ಎರಡು ತಿಂಗಳ ಸ್ಟೇಟ್‌ಮೆಂಟ್ ನೋಡಿ, ಆಗುತ್ತಿರುವಷ್ಟೇ ಹಣ ಹಾಕಿ. ಮೊದಲ ತಿಂಗಳೇ ಅರ್ಧಕ್ಕೆ ಇಳಿಸಬೇಡಿ.

ಹಣವನ್ನು ಎಟಿಎಂನಿಂದ ಒಂದೇ ಸಲ ತೆಗೆಯಿರಿ. ಕ್ರೆಡಿಟ್ ಕಾರ್ಡ್‌ನಲ್ಲಿ ಮಾತ್ರ ನಗದು ತೆಗೆಯಲೇಬೇಡಿ, ತೆಗೆದ ದಿನದಿಂದಲೇ ಬಡ್ಡಿ ಬೀಳುತ್ತದೆ. ತರಕಾರಿ ಕವರಿಗೆ 50, 100ರ ನೋಟೇ ಬೇಕು. ಬೆಳಿಗ್ಗೆ ಬೆಳಿಗ್ಗೆ ಸೊಪ್ಪಿನವರಿಗೆ 500 ಚಾಚಿದರೆ ‘ಚಿಲ್ಲರೆ ಇಲ್ಲಮ್ಮ, ಸ್ಕ್ಯಾನ್ ಮಾಡಿ’ ಎನ್ನುತ್ತಾರೆ. ಅಲ್ಲಿಗೆ ಲೆಕ್ಕ ತಪ್ಪಿತು. ಬಟ್ಟೆ-ಸಿನಿಮಾ ಕವರಿಗೆ 500ರದ್ದೇ ಇರಲಿ, ದೊಡ್ಡ ನೋಟು ಮುರಿಸಲು ಸುಮ್ನೆ ಮನಸ್ಸು ಬರುವುದಿಲ್ಲ.

ಈಗ ಬಹಳ ಜನ ಎಡವುವ ಜಾಗ: ಫೋನ್. 20ನೇ ತಾರೀಕಿಗೆ ತಿಂಡಿ ಕವರ್ ಖಾಲಿ. ದರ್ಶಿನಿಯ ಕೌಂಟರಿನಲ್ಲಿ ಕ್ಯೂಆರ್ ಕೋಡ್ ಕಣ್ಣೆದುರೇ ಇದೆ. ‘ಇದೊಂದು ಸಲ’ ಎಂದು ಸ್ಕ್ಯಾನ್ ಮಾಡುತ್ತೀರಿ, ಮರುದಿನವೂ ಅದೇ. ಮನಸ್ಸು ಗಟ್ಟಿ ಮಾಡಿಕೊಂಡರೆ ಆಗುವ ಕೆಲಸವಲ್ಲ ಇದು, ದಾರಿಯನ್ನೇ ಮುಚ್ಚಬೇಕು. ಯುಪಿಐ ಆಪ್‌ನಿಂದ ಸಂಬಳದ ಖಾತೆ ತೆಗೆದುಹಾಕಿ. ಆಟೋ, ಔಷಧಿಗೆಂದು ಸ್ವಲ್ಪವೇ ದುಡ್ಡಿರುವ ಇನ್ನೊಂದು ಖಾತೆ ಜೋಡಿಸಿ. ಯುಪಿಐ ಲೈಟ್ ನನಗೆ ಹಿಡಿಸುವುದಿಲ್ಲ. ಪಿನ್ ಕೂಡ ಕೇಳದಿದ್ದರೆ ಕೈ ತಡೆಯುವುದು ಹೇಗೆ? ಮುಟ್ಟಿಸಿದರೆ ಸಾಕು ಎನ್ನುವ ಕಾರ್ಡಿನಲ್ಲೂ ಪಿನ್ ಇಲ್ಲದೆ 5,000 ರೂಪಾಯಿವರೆಗೆ ಹೋಗಿಬಿಡುತ್ತದೆ. ಬ್ಯಾಂಕಿನ ಆಪ್‌ನಲ್ಲಿ ಅದನ್ನು ಆಫ್ ಮಾಡಬಹುದು, ಮಿತಿ ಇಳಿಸಬಹುದು. ಊಟ ತರಿಸುವ ಆಪ್‌ಗಳಲ್ಲಿ ಉಳಿಸಿಟ್ಟ ಕಾರ್ಡ್ ನಂಬರನ್ನೂ ಅಳಿಸಿ.

ಗಂಡ ಹೆಂಡತಿ ಇಬ್ಬರ ಫೋನಿಗೂ ಇದನ್ನು ಮಾಡಿ. ಒಬ್ಬರದು ಕವರ್, ಇನ್ನೊಬ್ಬರದು ಸ್ಕ್ಯಾನ್ ಆದರೆ ತಿಂಗಳ ಕೊನೆಗೆ ಜಗಳವೇ ಉಳಿಯುವುದು.

ಒಂದು ಕವರಿಂದ ಇನ್ನೊಂದಕ್ಕೆ ತೆಗೆದರೆ ಎಷ್ಟು, ಯಾಕೆ ಎಂದು ಚೀಟಿ ಬರೆದು ಒಳಗಿಡಿ. ಮುಂದಿನ ತಿಂಗಳು ಯಾವ ಕವರಿಗೆ ಎಷ್ಟು ಹಾಕಬೇಕೆಂದು ಆ ಚೀಟಿ ನೋಡಿ ತೀರ್ಮಾನಿಸಿ. ಉಳಿದ ನೋಟನ್ನು ಮಾತ್ರ ಕವರಲ್ಲೇ ಬಿಡಬೇಡಿ, ಉಳಿತಾಯ ಖಾತೆಗೆ ಕಟ್ಟಿಬಿಡಿ.