ಪ್ರೈಡ್‌ಗೆ ಜನ ಕರೆತರುವ ಕೆಲಸ: ನನ್ನ ಅನುಭವ

2008ರ ಜೂನ್ ಕೊನೆಯ ಭಾನುವಾರ ಬೆಂಗಳೂರಿನ ಮೊದಲ ಪ್ರೈಡ್ ಮೆರವಣಿಗೆಯಲ್ಲಿ, ಅಂದರೆ ಲೈಂಗಿಕ ಅಲ್ಪಸಂಖ್ಯಾತರ ಹೆಮ್ಮೆಯ ನಡಿಗೆಯಲ್ಲಿ, ನಾನು ಮುಖವಾಡ ಹಾಕಿಕೊಂಡು ನಡೆದಿದ್ದೆ. ರಟ್ಟಿನ ಮುಖವಾಡ. ಬೆವರಿಗೆ ಅದರ ಬಣ್ಣ ಕೆನ್ನೆಗೆ ಇಳಿದಿತ್ತು. ಪೇಪರಿನಲ್ಲಿ ಫೋಟೊ ಬಂದು ಊರಲ್ಲಿ ಅಪ್ಪ ನೋಡಿಬಿಟ್ಟರೆ ಅನ್ನುವ ಭಯ ನನಗೆ. ಪಕ್ಕದಲ್ಲಿದ್ದ ನಮ್ಮ ಹಮಾಮಿನ, ಅಂದರೆ ಹಿಜ್ರಾಗಳು ಒಟ್ಟಿಗೆ ಇರುವ ಸ್ನಾನದ ಮನೆಯ, ಹಿರಿಯರು, ನಾವೆಲ್ಲ ಅಮ್ಮ ಅನ್ನುತ್ತಿದ್ದವರು, ಏನನ್ನೂ ಕಟ್ಟಿಕೊಂಡಿರಲಿಲ್ಲ. "ಎಲ್ಲಾ ಸಿಗ್ನಲ್‌ನಲ್ಲೂ ಈ ಮುಖ ನೋಡಿದಾರೆ ಮಗಳೇ, ಇನ್ನೇನು ಮುಚ್ಚಲಿ?" ಅಂದರು.

ಮುಂದೆ ನಾನು ವಹಿಸಿಕೊಂಡ ಕೆಲಸ ಒಂದೇ. ಜಿಲ್ಲೆಗಳಿಂದ ನಮ್ಮ ಟ್ರಾನ್ಸ್ ಹೆಣ್ಣುಮಕ್ಕಳನ್ನು, ದೇವಿಗೆ ಮೀಸಲಾಗಿ ಹೆಣ್ಣಾಗಿ ಬದುಕುವ ಜೋಗಪ್ಪಗಳನ್ನು ಕರೆತರುವುದು, ಉಳಿಸುವುದು, ಊಟ ಹಾಕಿಸುವುದು, ವಾಪಸ್ ಬಸ್ ಹತ್ತಿಸುವುದು. ಕೇಳೋಕೆ ಸುಲಭ. ನಾನು ಜಾಸ್ತಿ ತಪ್ಪು ಮಾಡಿದ್ದೂ ಇಲ್ಲೇ.

ಮೊದಲ ತಪ್ಪು ದುಡ್ಡಿನದು. "ಬನ್ನಿ, ಬಂದ ಮೇಲೆ ಬಸ್ ಚಾರ್ಜ್ ಕೊಡ್ತೀವಿ" ಅಂದಿದ್ದೆ. ಬರುತ್ತೇನೆ ಅಂದವರಲ್ಲಿ ಅರ್ಧ ಜನ ಬರಲಿಲ್ಲ. ಬರುವುದಕ್ಕೆ ಅವರು ಸಾಲ ಮಾಡಬೇಕಿತ್ತು. ಭಾನುವಾರ ಅಂದರೆ ಅಂಗಡಿ, ಸಿಗ್ನಲ್‌ಗಳಲ್ಲಿ ಕೈಯೊಡ್ಡುವವರಿಗೆ ಕಲೆಕ್ಷನ್ ಚೆನ್ನಾಗಿ ಆಗುವ ದಿನ, ಅದೂ ಹೋಗುತ್ತದೆ. ಮರುವರ್ಷದಿಂದ ವಾರ ಮುಂಚೆಯೇ ದುಡ್ಡು ಕೈಗೆ ಸೇರಿಸಿದೆವು.

ಎರಡನೆಯದು ತಾರೀಕು. ಮೆರವಣಿಗೆ ನವೆಂಬರ್ ಕಡೆಗೆ ಬಂದ ಮೇಲೆ ಒಂದು ವರ್ಷ ಕೊಪ್ಪಳ ಕಡೆಯ ಜೋಗಪ್ಪಗಳು ಒಬ್ಬರೂ ಬರಲಿಲ್ಲ. ಫೋನ್ ಮಾಡಿದರೆ, "ಹುಣ್ಣಿವಿ ಐತ್ರೀ ಅಕ್ಕಾ, ಹುಲಿಗೆಮ್ಮನ್ನ ಬಿಟ್ಟು ಹೆಂಗ ಬರೂದು?" ಅಂದರು. ನನಗೆ ನಾಚಿಕೆಯಾಯಿತು. ಆ ದೇವಿಗೆ ಮೀಸಲಾಗಿ ಕೊರಳಿಗೆ ಮುತ್ತು ಕಟ್ಟಿಸಿಕೊಂಡವರಿಗೆ ಹುಣ್ಣಿಮೆ ಎಷ್ಟು ದೊಡ್ಡದು ಅಂತ ಗೊತ್ತಿದ್ದೂ ನೋಡಿರಲಿಲ್ಲ. ಈಗ ಮೊದಲು ತೆಗೆಯುವುದು ಪಂಚಾಂಗ. ಅವರು ಬಂದ ವರ್ಷ ಅವರ ತಂತಿವಾದ್ಯ ಚೌಡಿಕೆ ಮುಂದೆ, ತಮಟೆ ಹಿಂದೆ. ಆ ಸದ್ದು ಕೇಳಿಯೇ ರಸ್ತೆ ಬದಿಯ ಅಂಗಡಿಯವರು ಹೊರಗೆ ಬಂದು ನಿಲ್ಲುತ್ತಾರೆ.

ಉಳಿಯುವ ಜಾಗದ ಕಷ್ಟ ಹೇಳಲೇಬೇಕು. ಮೆಜೆಸ್ಟಿಕ್ ಹತ್ತಿರದ ಒಂದು ಲಾಡ್ಜ್ ಆರು ರೂಮಿಗೆ ಅಡ್ವಾನ್ಸ್ ತೆಗೆದುಕೊಂಡಿತ್ತು. ರಾತ್ರಿ ಹನ್ನೊಂದಕ್ಕೆ ನಮ್ಮವರು ಬ್ಯಾಗ್ ಹಿಡಿದು ನಿಂತರೆ, "ನಿಮಗೆ ಕೊಡಲ್ಲ" ಅಂದರು. ಹತ್ತೊಂಬತ್ತು ಜನ ಬೆಳಗಿನವರೆಗೆ ಬಸ್ ಸ್ಟ್ಯಾಂಡಿನಲ್ಲಿ ಕೂತರು. ಅವತ್ತಿನಿಂದ ನಾನು ಲಾಡ್ಜ್ ನಂಬುವುದಿಲ್ಲ. ನಮ್ಮವರ ಮನೆಗಳಲ್ಲೇ ಚಾಪೆ ಹಾಸುತ್ತೇವೆ. ಮೆರವಣಿಗೆ ಮೆಜೆಸ್ಟಿಕ್ ಪಕ್ಕದ ತುಳಸಿ ತೋಟದಿಂದ ಹೊರಟ ವರ್ಷಗಳು ನಮಗೆ ಅನುಕೂಲ. ಬಸ್ಸೋ ರೈಲೋ ಇಳಿದು ನಡೆದೇ ಬರಬಹುದು, ಆಟೋದವರ ಹತ್ತಿರ ಮಾತು ಕೇಳಬೇಕಿಲ್ಲ.

ಶೌಚಾಲಯಕ್ಕೆ ಹಿಂದಿನ ದಿನವೇ ಹೋಗಿ ಅಲ್ಲಿ ಕೂರುವವರನ್ನು ಮಾತಾಡಿಸಿ ಬರುತ್ತೇನೆ. ಟೀ ಕುಡಿಸಿ, "ನಾಳೆ ನಮ್ಮ ಹೆಣ್ಣುಮಕ್ಕಳು ಬರ್ತಾರೆ, ಹೆಂಗಸರ ಕಡೆಗೇ ಕಳಿಸಿ ಅಣ್ಣ" ಅಂತ ಹೇಳಿದರೆ ಕೆಲಸ ಆಗುತ್ತದೆ.

2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟ್ ವಯಸ್ಕರ ಒಪ್ಪಿಗೆಯ ಸಲಿಂಗ ಸಂಬಂಧ ಅಪರಾಧವಲ್ಲ ಅಂತ 377ನೇ ಸೆಕ್ಷನ್ನಿನ ತೀರ್ಪು ಕೊಟ್ಟ ಮೇಲೆ ಜನ ಎಷ್ಟು ಹೆಚ್ಚಿದರೆಂದರೆ, ಮೆರವಣಿಗೆಯ ತುದಿ ಕಾಣಲಿಲ್ಲ. ಕಣ್ಣು ತುಂಬಿ ಬಂತು. ಆದರೆ ಸಂಜೆ ವೇದಿಕೆ ಹತ್ತಿರ ನೋಡಿದರೆ ನಮ್ಮವರೆಲ್ಲ ಹಿಂದೆ, ಫುಟ್‌ಪಾತ್ ಮೇಲೆ. ಮುಂದೆ ಇಂಗ್ಲಿಷ್. ರಾಯಚೂರಿನಿಂದ ಬಂದವಳೊಬ್ಬಳು, "ಏನ್ ಅಂತಾರಕ್ಕ?" ಅಂತ ಮೂರು ಸಲ ಕೇಳಿದಳು. ಆಮೇಲೆ ಎರಡು ವಿಷಯಕ್ಕೆ ಸಭೆಗಳಲ್ಲಿ ಜಗಳವೇ ಆಡಿದೆ. ಮುಂದಿನ ಸಾಲು ಜಿಲ್ಲೆಯವರದು, ಮೈಕಿನಲ್ಲಿ ಮೊದಲು ಕನ್ನಡ. ಕಂಪನಿಗಳ ಹಣ ಬೇಡ, ಸಮುದಾಯದ ಚಂದಾದಿಂದಲೇ ನಡೆಯಲಿ ಅನ್ನುವುದೂ ನನಗೆ ಸರಿಯೇ. ಡಬ್ಬಿ ಹಿಡಿದು ನಿಲ್ಲುವುದು ಕಷ್ಟ, ನಿಜ. ಆದರೆ ಯಾರ ಬ್ಯಾನರ್ ಮುಂದಿರಬೇಕು ಅಂತ ಆಗ ನಾವೇ ಹೇಳಬಹುದು, ಅಲ್ವಾ?

ಹಾಗೆ ನಾವೇ ಹೇಳುವುದು ಎಷ್ಟು ಮುಖ್ಯ ಅಂತ 2019ರಲ್ಲಿ ಗೊತ್ತಾಯಿತು. ಟ್ರಾನ್ಸ್‌ಜೆಂಡರ್ ಮಸೂದೆ ರಾಜ್ಯಸಭೆಯ ಮುಂದಿತ್ತು. ನೀನು ಯಾರು ಅನ್ನುವುದಕ್ಕೆ ಡಿಸಿ ಆಫೀಸಿನ ಸರ್ಟಿಫಿಕೇಟ್ ಬೇಕಂತೆ. 2014ರ ನಾಲ್ಸಾ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪು ಅದನ್ನು ನಮ್ಮ ಮನಸ್ಸಿಗೇ ಬಿಟ್ಟಿತ್ತು. ನವೆಂಬರ್ 26ಕ್ಕೆ ಮಸೂದೆ ಪಾಸಾಯಿತು. ಆ ತಿಂಗಳು ನಮ್ಮ ಹೆಣ್ಣುಮಕ್ಕಳು ಲಿಪ್‌ಸ್ಟಿಕ್ ಹಚ್ಚಿಕೊಂಡ ಕೈಯಲ್ಲೇ ಫಲಕ ಬರೆದರು.

ಮುಖವಾಡದ ಚೀಲ ಈಗಲೂ ತರುತ್ತೇನೆ. ಕೇಳುವವರು ಕಮ್ಮಿ. ಅದೇ ಚೀಲದಲ್ಲಿ ಕೊಬ್ಬರಿ ಎಣ್ಣೆ, ಹತ್ತಿ, ಹಳೆಯ ದುಪಟ್ಟಾ ಇರುತ್ತವೆ. ಹೋದ ಸಲ ರಾತ್ರಿ ಬಸ್ ಹತ್ತುವ ಮುಂಚೆ ಇಪ್ಪತ್ತು ವರ್ಷದ ಹುಡುಗಿಯೊಬ್ಬಳು ಸೀರೆ ಬಿಚ್ಚಿ ಪ್ಯಾಂಟ್ ಶರ್ಟ್ ಹಾಕಿಕೊಂಡಳು. ನಾನು ದುಪಟ್ಟಾ ಅಡ್ಡ ಹಿಡಿದಿದ್ದೆ. ಎಣ್ಣೆಯಲ್ಲಿ ಕಾಡಿಗೆ ಒರೆಸಿಕೊಂಡು, "ಹೋಯ್ತಾ ಅಕ್ಕಾ, ಮನ್ಯಾಗ ಗೊತ್ತಾಗಂಗಿಲ್ಲಲ್ಲ?" ಅಂತ ಕೇಳಿದಳು. ಕಿವಿಯ ಹಿಂದೆ ಉಳಿದಿದ್ದ ಮಿಂಚನ್ನು ನಾನೇ ಒರೆಸಿದೆ. ಸೀರೆ ನನ್ನ ಹತ್ತಿರವೇ ಬಿಟ್ಟು ಹೋದಳು. ಒಗೆದು, ಮಡಿಸಿ, ಅವಳ ಹೆಸರಿನ ಚೀಟಿ ಹಾಕಿ ಬೀರುವಿನಲ್ಲಿ ಇಟ್ಟಿದ್ದೇನೆ.