ಬ್ಯಾಟರಿ ಮೇಲೆ 48 ಫ್ರೇಮ್: ನಾನು ಮಾಡಿದ್ದು ಹೀಗೆ

"ಬ್ಯಾಟರಿ ಮ್ಯಾಲೆ ಗೇಮ್ ಆಡ್ತೀಯೇನಲೇ? ಆಗೂದಿಲ್ಲ ಬಿಡು." ಹುಬ್ಬಳ್ಳಿ ವಿದ್ಯಾನಗರದ ನಮ್ಮ ರೂಮಿನಲ್ಲಿ ಎಲ್ಲರ ಮಾತೂ ಇದೇ ಆಗಿತ್ತು. ಈಗ ಕಾರ್ ರೇಸಿಂಗ್ ಗೇಮ್ ಫೋರ್ಜಾ ಹೊರೈಜನ್ 5 ಚಾರ್ಜರ್ ಇಲ್ಲದೆ ಮುಕ್ಕಾಲು ಗಂಟೆ ಮೇಲೆ ಓಡುತ್ತದೆ, ಸೆಕೆಂಡಿಗೆ 48 ಫ್ರೇಮ್, ಜರ್ಕ್ ಇಲ್ಲ. ಲ್ಯಾಪ್‌ಟಾಪ್ ಹಳೇದೇ: ರೈಜನ್ 7 5800ಎಚ್ ಸಿಪಿಯು (ಪ್ರೊಸೆಸರ್), ಆರ್‌ಟಿಎಕ್ಸ್ 3060 ಜಿಪಿಯು (ಗ್ರಾಫಿಕ್ಸ್ ಚಿಪ್), 144 ಹರ್ಟ್ಸ್ ಸ್ಕ್ರೀನ್ (ಸೆಕೆಂಡಿಗೆ 144 ಸಲ ಚಿತ್ರ ಬದಲಿಸುತ್ತದೆ), 80 ವ್ಯಾಟ್-ಅವರ್ ಬ್ಯಾಟರಿ.

ಹುಬ್ಬಳ್ಳಿಯಲ್ಲಿ ಏಪ್ರಿಲ್-ಮೇ ಸಂಜೆ ಅಡ್ಡಮಳೆ, ಗಾಳಿ ಶುರುವಾದರೆ ಕರೆಂಟ್ ಹೋಯಿತು ಅಂತಲೇ ಲೆಕ್ಕ. ಚಿಗರಿ ಬಸ್ಸಿನಲ್ಲಿ ಧಾರವಾಡಕ್ಕೆ ಹೋಗುವಾಗ ಇಟ್ಟಿಗೆಯಂಥ 230 ವ್ಯಾಟ್ ಅಡಾಪ್ಟರ್ ಹೊರೋದು ಬೇರೆ.

ಮೊದಲು ದುಡ್ಡಿನ ಕಥೆ. 100 ವ್ಯಾಟ್ ಪವರ್ ಬ್ಯಾಂಕ್‌ಗೆ ಆರು ಸಾವಿರದ ಹತ್ತಿರ ಹೋಯಿತು. ಆಟದ ಟೈಮ್ ಸ್ವಲ್ಪ ಎಳೆಯಿತು, ಜಿಪಿಯುಗೆ ಮಾತ್ರ ಒಂದು ವ್ಯಾಟ್ ಕೂಡ ಜಾಸ್ತಿ ಸಿಗಲಿಲ್ಲ. ಒಂದು ಅಂಗಡಿಯಲ್ಲಿ 2,800 ಕೊಟ್ಟು ಹಾಕಿಸಿದ ಡೂಪ್ಲಿಕೇಟ್ ಬ್ಯಾಟರಿ ಲೋಡ್ ಬಿದ್ದ ಕೂಡಲೇ 60 ಪರ್ಸೆಂಟ್‌ನಿಂದ ಸೀದಾ ಶಟ್‌ಡೌನ್. ಒರಿಜಿನಲ್‌ಗೆ ಮತ್ತೆ ಆರೂವರೆ ಸಾವಿರ. ಕೂಲಿಂಗ್ ಪ್ಯಾಡ್ ಬೇಡವೇ ಬೇಡ, ಅದರ ಫ್ಯಾನ್ ತಿರುಗೋದೂ ಇದೇ ಬ್ಯಾಟರಿಯಿಂದ ಅಲ್ವಾ? ಲ್ಯಾಪ್‌ಟಾಪಿನ ಹಿಂಭಾಗದ ಕೆಳಗೆ ಎರಡು ಕೇರಂ ಕಾಯಿ ಇಟ್ಟು ಎತ್ತರಿಸಿದರೆ ಸಾಕು, ನಾಲ್ಕೈದು ಡಿಗ್ರಿ ಇಳಿಯುತ್ತದೆ.

ಅಸಲಿ ವಿಷಯ ಇಷ್ಟೇ. ಬ್ಯಾಟರಿ ಕೊಡೋದು ಒಂದು ಮಿತಿವರೆಗೆ ಮಾತ್ರ. ಅದರಲ್ಲಿ ಸಿಪಿಯು ಕಡಿಮೆ ತಿಂದರೆ ಜಿಪಿಯು ಉಸಿರಾಡುತ್ತದೆ. ನನ್ನ ಮಷೀನಲ್ಲಿ ಎರಡೂ ಸೇರಿ ಜಗ್ಗಿದಾಗ ಡಿಸ್‌ಚಾರ್ಜ್, ಅಂದರೆ ಬ್ಯಾಟರಿಯಿಂದ ಹೋಗುವ ಪವರ್, 80 ವ್ಯಾಟ್ ದಾಟುತ್ತಿತ್ತು. ಆಗ ಎಚ್‌ಡಬ್ಲ್ಯೂಇನ್ಫೋದಲ್ಲಿ (ಚಿಪ್‌ಗಳ ರೀಡಿಂಗ್ ತೋರಿಸುವ ಸಾಫ್ಟ್‌ವೇರ್) ನೋಡಿದರೆ ಜಿಪಿಯು ಕ್ಲಾಕ್, ಅಂದರೆ ಓಡುವ ವೇಗ, ಗಕ್ಕನೆ 210 ಮೆಗಾಹರ್ಟ್ಸ್‌ಗೆ ಬಿದ್ದು, ಎರಡು ಸೆಕೆಂಡ್ ಬಿಟ್ಟು ಏಳುತ್ತಿತ್ತು. ಆ ಜರ್ಕ್ ಅಲ್ಲಿಂದಲೇ ಬರುತ್ತಿತ್ತು.

ವಿಂಡೋಸ್ ಪವರ್ ಪ್ಲಾನ್‌ನಲ್ಲಿ ಸಿಪಿಯು ಗರಿಷ್ಠ 99 ಪರ್ಸೆಂಟ್ ಇಟ್ಟೆ. ಸಿಪಿಯು ತಾನಾಗಿ ವೇಗ ಏರಿಸಿಕೊಳ್ಳೋ ಬೂಸ್ಟ್ ಬಂದ್ ಆಯಿತು. ಸಿಪಿಯು 35 ವ್ಯಾಟ್‌ನಿಂದ ಹದಿನೈದರ ಆಸುಪಾಸು ಬಂತು. ಎನ್ವಿಡಿಯಾದ ಚಾರ್ಜ್ ಉಳಿಸೋ ಸೆಟ್ಟಿಂಗ್ 'ಬ್ಯಾಟರಿ ಬೂಸ್ಟ್' ಆಫ್ ಮಾಡಿದೆ, ಇಲ್ಲದಿದ್ದರೆ 30 ಫ್ರೇಮಿಗೆ ಕಟ್ಟಿಹಾಕುತ್ತದೆ. ಜಿಪಿಯು ಟ್ಯೂನ್ ಮಾಡೋ ಆಫ್ಟರ್‌ಬರ್ನರ್ ಸಾಫ್ಟ್‌ವೇರ್‌ನಲ್ಲಿ ಕರ್ವ್ (ಯಾವ ವೋಲ್ಟೇಜ್‌ಗೆ ಎಷ್ಟು ಕ್ಲಾಕ್ ಅನ್ನೋ ಗೆರೆ) ಇಳಿಸಿ, 700 ಮಿಲಿವೋಲ್ಟ್ ಹತ್ತಿರ 1,200 ಮೆಗಾಹರ್ಟ್ಸ್‌ಗೆ ಸಪಾಟು ಮಾಡಿದೆ. ಕರ್ವ್‌ನ ಕೆಳಗಿನ ಪಾಯಿಂಟುಗಳನ್ನು ಹೇಗೆ ಕೂರಿಸಿದೆ ಅನ್ನೋದು ನನ್ನ ಹತ್ತಿರವೇ ಇರಲಿ, ಅದಕ್ಕೆ ವಾರಗಟ್ಟಲೆ ಕೂತಿದ್ದೇನೆ.

ಫ್ರೇಮ್ ಕ್ಯಾಪ್ (ಫ್ರೇಮಿನ ಮೇಲ್ಮಿತಿ) 48 ಯಾಕೆ ಅಂದರೆ ಸ್ಕ್ರೀನಿನ 144ನ್ನು ಮೂರು ಪಾಲು ಮಾಡಿದರೆ ಅದು ಸರಿಯಾಗಿ ಕೂರುತ್ತದೆ. 50 ಇಟ್ಟರೆ ಕಣ್ಣಿಗೆ ತಡವರಿಸಿದಂತೆ ಕಾಣುತ್ತದೆ. ಕ್ಯಾಪನ್ನು ಆಫ್ಟರ್‌ಬರ್ನರ್ ಜೊತೆ ಬರುವ ರಿವಾಟ್ಯೂನರ್‌ನಲ್ಲೇ ಕಟ್ಟಿ, ಗೇಮ್ ಒಳಗಿನದ್ದು ಬೇಡ. ಕಡಿಮೆ ರೆಸೊಲ್ಯೂಶನ್ ಚಿತ್ರವನ್ನು ಹಿಗ್ಗಿಸೋ ಡಿಎಲ್‌ಎಸ್‌ಎಸ್ ಕ್ವಾಲಿಟಿಯಲ್ಲಿ, ನೆರಳು ಮೀಡಿಯಂ. ಈಗ ಒಟ್ಟು ಡಿಸ್‌ಚಾರ್ಜ್ 58-60 ವ್ಯಾಟ್.

ಮಧ್ಯೆ ಸುಮ್ನೆ ಸ್ಕ್ರೀನನ್ನು 60 ಹರ್ಟ್ಸ್‌ಗೆ ಇಳಿಸಿ ನೋಡಿದೆ. ಉಳಿದಿದ್ದು ಎರಡು ವ್ಯಾಟ್ ಇರಬಹುದು, ಆದರೆ 48 ಅದಕ್ಕೆ ಹೊಂದಲ್ಲ. ಬ್ರೈಟ್‌ನೆಸ್ ಅರ್ಧಕ್ಕೆ ಇಳಿಸಿದ್ದೇ ಜಾಸ್ತಿ ಲಾಭ.

ಧಾರವಾಡ ಸಪ್ತಾಪುರದ ಗೆಳೆಯನ ಆರ್‌ಟಿಎಕ್ಸ್ 4060 ಲ್ಯಾಪ್‌ಟಾಪಿಗೂ ಇದನ್ನೇ ಮಾಡಿಕೊಟ್ಟೆ. ಅವನ ಸ್ಕ್ರೀನ್ 165 ಹರ್ಟ್ಸ್, ಹಾಗಾಗಿ ಕ್ಯಾಪ್ 55. ಒಂದು ನೆನಪಿಡಿ: 30 ಪರ್ಸೆಂಟ್ ಕೆಳಗೆ ಬ್ಯಾಟರಿ ವೋಲ್ಟೇಜ್ ಇಳಿದು ಕ್ಲಾಕ್ ಮತ್ತೆ ಬೀಳುತ್ತದೆ. ನಾನು 35ಕ್ಕೇ ಸೇವ್ ಮಾಡಿ ಏಳುತ್ತೇನೆ.