ಎರಡು ಸೊಸೈಟಿ ಒಂದಾದ ಬಗೆ

ಸೊಲ್ಲಾಪುರದ ವಿಜಾಪುರ ರಸ್ತೆಯಲ್ಲಿ ನಮ್ಮದು ಒಂದೇ ಕಂಪೌಂಡು, ಎರಡು ಕಟ್ಟಡ, ಎರಡು ಹೌಸಿಂಗ್ ಸೊಸೈಟಿ. ಬೋರ್‌ವೆಲ್ ನಮ್ಮ ಕಡೆ, ಗೇಟು ಅವರ ಕಡೆ. ಬೇಸಿಗೆಯಲ್ಲಿ ಟ್ಯಾಂಕರ್ ಬಂದರೆ ಬಿಲ್ಲು ಯಾರದೆಂಬ ಜಗಳ. ಕೊನೆಗೆ ಎರಡನ್ನೂ ವಿಲೀನಗೊಳಿಸುವ ಕಾಗದಪತ್ರದ ಓಡಾಟ ಸೆಕ್ರೆಟರಿಯಾದ ನನ್ನ ಪಾಲಿಗೆ ಬಂತು.

ಎಲ್ಲ ಸದಸ್ಯರೂ ಒಪ್ಪಬೇಕೆಂದು ಜನ ನಂಬಿದ್ದರು. 1960ರ ಮಹಾರಾಷ್ಟ್ರ ಸಹಕಾರಿ ಸಂಸ್ಥೆಗಳ ಕಾಯ್ದೆಯ 17ನೇ ಕಲಂ ಹಾಗೆ ಹೇಳುವುದಿಲ್ಲ. ನಿಬಂಧಕರ, ಅಂದರೆ ಸಹಕಾರಿ ಸಂಸ್ಥೆಗಳ ರಿಜಿಸ್ಟ್ರಾರರ, ಪೂರ್ವಾನುಮತಿ ಬೇಕು. ಇದಕ್ಕೆಂದೇ ಕರೆದ ವಿಶೇಷ ಸಭೆಯಲ್ಲಿ ಹಾಜರಿದ್ದು ಮತ ಹಾಕಿದವರಲ್ಲಿ ಮೂರನೇ ಎರಡರಷ್ಟು ಜನ ಒಪ್ಪಿದರೆ ಸಾಕು. ಎರಡೂ ಸೊಸೈಟಿಗಳು ತಮ್ಮ ತಮ್ಮ ಸಭೆಯಲ್ಲಿ ಠರಾವು ಮಾಡಬೇಕು, ಅಷ್ಟೇ.

ನಿಜವಾದ ಕೆಲಸ ಶುರುವಾಗುವುದು ಠರಾವಿನ ನಂತರ. ಸಾಲದ ಹೊಣೆಯೂ ವರ್ಗವಾಗುವುದಾದರೆ ಸದಸ್ಯರಿಗೆ, ಸಾಲ ಕೊಟ್ಟವರಿಗೆ, ಬಾಧಿತರಾಗಬಹುದಾದ ಇತರರಿಗೆ ನೋಟಿಸ್ ಕೊಡಬೇಕು. ಒಂದು ತಿಂಗಳೊಳಗೆ ಅವರು ಒಂದಾದ ಸೊಸೈಟಿಯಲ್ಲಿ ಮುಂದುವರಿಯುತ್ತೇವೆ ಎನ್ನಬಹುದು, ಇಲ್ಲವೇ ತಮ್ಮ ಬಾಕಿ ಕೇಳಬಹುದು. ಸುಮ್ಮನಿದ್ದವರು ಒಪ್ಪಿದಂತೆಯೇ. ಹೀಗಾಗಿ ನೋಟಿಸ್ ಮುಟ್ಟಿದ್ದಕ್ಕೆ ಪುರಾವೆ ಇಲ್ಲದಿದ್ದರೆ ಈ ಮೌನಕ್ಕೆ ಬೆಲೆಯಿಲ್ಲ. ಪುಣೆಯಲ್ಲಿರುವ ಮಾಲೀಕರಿಗೆ ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿದೆ, ಇಲ್ಲಿರುವವರಿಂದ ಕೈಸಹಿ ಪಡೆದೆ. ಮರಾಠಿ ನೋಟಿಸಿನ ಜೊತೆ ಕನ್ನಡದ ಒಂದು ಪುಟವನ್ನೂ ಇಟ್ಟೆ. ಅಕ್ಕಲಕೋಟೆ ಕಡೆಯ ಹಿರಿಯರು ಅದನ್ನು ಓದಿಯೇ ಸಹಿ ಹಾಕಿದರು. ಆಚೆ ಕಟ್ಟಡಕ್ಕೆ ಬಣ್ಣ ಹೊಡೆದ ಗುತ್ತಿಗೆದಾರ ಮಾತ್ರ ಹಣ ಕೇಳಿದ. ಅವನ ಲೆಕ್ಕ ಚುಕ್ತಾ ಆಗದೆ ನಿಬಂಧಕರಿಂದ ವಿಲೀನದ ಆದೇಶ ಬರುವಂತಿರಲಿಲ್ಲ. ಇಂಥವರಿಗಾಗಿ ಮೊದಲೇ ದುಡ್ಡು ತೆಗೆದಿಡುವುದು ಜಾಣತನ.

"ತಮ್ಮಾ, ನನ್ನ ಮನೆ ಮತ್ತೆ ನೋಂದಣಿ ಮಾಡಿಸಬೇಕೇನು?" ಎಂದು ಕೆಳಮನೆಯ ಅಜ್ಜ ಕೇಳಿದರು. "ಬೇಡ ಅಜ್ಜಾರ, ಮನೆ ನಿಮ್ಮ ಹೆಸರಿನಲ್ಲೇ ಇರುತ್ತದೆ" ಎಂದೆ. ಸೊಸೈಟಿಯ ಆಸ್ತಿ, ಹೊಣೆಗಳ ವರ್ಗಾವಣೆಗೂ ಬೇರೆ ಹಸ್ತಾಂತರ ಪತ್ರ ಬೇಕಿಲ್ಲ. ವಿಲೀನವಾದಾಗ ಆ ಠರಾವೇ ಸಾಕೆಂದು ಅದೇ ಕಲಂ ಹೇಳುತ್ತದೆ. ವಕೀಲರೊಬ್ಬರು ಇದಕ್ಕೇ ದೊಡ್ಡ ಶುಲ್ಕ ಹೇಳಿದ್ದರು!

ದುರಸ್ತಿ ನಿಧಿಯ ಜಗಳ ಕಾನೂನಿನದಲ್ಲ, ಮನಸ್ಸಿನದು. ಹೆಚ್ಚು ಕೂಡಿಟ್ಟವರು ನಾವು, ಖರ್ಚಿಗೆ ಕಾದಿದ್ದದ್ದು ಅವರ ಲಿಫ್ಟು. ನಮ್ಮ ನಿಧಿಯಿಂದ ಮೊದಲು ನಮ್ಮ ತಾರಸಿಯ ಸೋರಿಕೆ ನಿಲ್ಲಿಸಬೇಕೆಂದು ಠರಾವಿನಲ್ಲೇ ಬರೆಸಿದೆವು.

ವಿಲೀನವಾಗಿ ಎರಡೂ ಸೊಸೈಟಿಗಳ ಹಳೆಯ ನೋಂದಣಿಗಳು ರದ್ದಾದವು. ವರ್ಷಗಟ್ಟಲೆ ಮೇಂಟೆನೆನ್ಸ್ ಕಟ್ಟದ ಒಬ್ಬರು, ಹಳೆಯ ಸೊಸೈಟಿಯೇ ಇಲ್ಲವೆಂದ ಮೇಲೆ ಬಾಕಿ ಎಲ್ಲಿಯದು ಎಂದರು. ವಿಲೀನದಿಂದ ಹಳೆಯ ಹಕ್ಕು, ಹೊಣೆ, ದಾವೆ ಯಾವುದಕ್ಕೂ ಧಕ್ಕೆಯಿಲ್ಲ ಎನ್ನುವ ಉಪಕಲಮಿನ ಪ್ರತಿಯನ್ನು ಅವರ ಕೈಗಿತ್ತೆ. ವಸೂಲಿ ಪ್ರಕರಣ ಈಗ ಹೊಸ ಸೊಸೈಟಿಯ ಹೆಸರಿನಲ್ಲಿ ನಡೆದಿದೆ.